ನಾಲ್ಕು ಸೆಕೆಂಡು

ವಾಲ್ಪರೈಸೊ. ಗುಡ್ಡಕ್ಕೇರುವ ಹಳಿಲಿಫ್ಟು ಕೆಟ್ಟಿದೆ.
ಮೆಟ್ಟಿಲು ಹತ್ತಿ, ಏದುಸಿರಲ್ಲೇ ಲ್ಯಾಪ್‌ಟಾಪು ತೆರೆದ
ನೊಲ್ಬೆರ್ತೊ ಒಯಾರ್ಸುನ್;
ಕೋರ್ಟಿನ ಧ್ವನಿಮುದ್ರಣದ ಕೋಡು ಅವನದೇ.
ಬೆಳಿಗ್ಗೆ ಗುಮಾಸ್ತೆ ಫೋನಿನಲ್ಲಿ ಹೇಳಿದ್ದಳು:
"ಫೈಲು ಪೂರ್ತಿ ಇದೆ. ಉತ್ತರ ಮಾತ್ರ ಇಲ್ಲ."

ಹದಿನೇಳನೆಯ ನಿಮಿಷ. ವಕೀಲ ಮೇಜು ಗುದ್ದುತ್ತಾನೆ:
"ಬಾಗಿಲು ತೆರೆದವರು ಯಾರು? ನೀವೇ ಅಲ್ಲವೆ?"
ಪರದೆಯಲ್ಲಿ ಅಲೆ ನೆತ್ತಿ ಮುಟ್ಟಿ ಕೆಂಪಾಗುತ್ತದೆ.
ಆಮೇಲೆ ಒಂದು ಗೆರೆ,
ಇರುವೆ ಸಾಲಿನಷ್ಟೂ ಎತ್ತರವಿಲ್ಲದ್ದು.
ನಿಧಾನಕ್ಕೆ ಫ್ಯಾನಿನ ಗುಂಯ್ ಮೇಲೇಳುತ್ತದೆ,
ಯಾರೋ ಕೆಮ್ಮುತ್ತಾರೆ,
ನ್ಯಾಯಾಧೀಶೆ "ಬರೆದುಕೊಳ್ಳಿ" ಅನ್ನುತ್ತಾಳೆ.
ಏನನ್ನು?

ಅವನಿಗೆ ಗೊತ್ತು. ಮೂರು ವರ್ಷದ ಹಿಂದೆ ತಾನೇ ಬರೆದ ಸಾಲು:
ಜೋರಾದರೆ ಥಟ್ಟನೆ ತಗ್ಗಿಸು,
ಸದ್ದಡಗಿದರೆ ಮೆಲ್ಲಗೆ ಏರಿಸು.
ಮೆಲ್ಲಗೆ, ಅಂದರೆ 4000 ಮಿಲಿಸೆಕೆಂಡು.
ಆಗ ಅದು ಕಿವಿಗೆ ಹಿತವಾಗಿತ್ತು.
ಪರೀಕ್ಷೆಗೆಂದು ಓದಿದವನೂ ತಾನೇ,
ಫುಟ್‌ಬಾಲ್ ವರದಿ, ಒಂದೇ ಹದದ ಗಂಡುದನಿ.
ಕೂಗಿದವನ ಬೆನ್ನಿಗೇ ಪಿಸುಗುಡುವವರು ಬರುತ್ತಾರೆಂದು
ಯಾವ ಟೆಸ್ಟೂ ಕೇಳಿರಲಿಲ್ಲ.

ಓರ್ತೆನ್ಸಿಯ ಕಿಲೊದ್ರಾನ್. ಐವತ್ತೊಂದು. ಮೀನು ಸೀಳುವ ಕೆಲಸ.
ಕಾಗದದಲ್ಲಿ ಇಷ್ಟು.
ಮಾತು ಆಡಿದರೆ ಹೋಯ್ತು ಅನ್ನುತ್ತಾರೆ;
ಇವಳದು ಆಡಿಯೂ ಎಲ್ಲಿಗೂ ಹೋಗಲಿಲ್ಲ,
ಕೂಗಿನ ನೆರಳಲ್ಲೇ ಕೂತುಬಿಟ್ಟಿತು.

ಆ ಗೆರೆಯನ್ನು ನಲವತ್ತು ಪಟ್ಟು ಹಿಗ್ಗಿಸಿದ.
ಮರಳು ಸುರಿದ ಸದ್ದು. ಅದರೊಳಗೆ ಉಸಿರು.
ಉಸಿರಿನ ತುದಿಗೆ ಒಂದೇ ಅಕ್ಷರ,
"ಯೊ" ಇರಬಹುದು, "ನೊ" ಇರಬಹುದು.
ಅವರ ನುಡಿಯಲ್ಲಿ ಮೊದಲನೆಯದು ನಾನು,
ಎರಡನೆಯದು ಇಲ್ಲ.
ಮೂವತ್ತು ಸಲ ಕೇಳಿದ.
ಒಮ್ಮೆ ಅದು, ಒಮ್ಮೆ ಇದು,
ಕೊನೆಕೊನೆಗೆ ತನ್ನದೇ ಹೆಂಡತಿಯ ದನಿ.

4000 ಅಳಿಸಿ 150 ಎಂದು ಬರೆದ.
ಕಿಟಕಿ ಮುಚ್ಚಿ, ವಕೀಲನ ಹಾಗೇ ಕಿರುಚಿದ
(ಮೇಲಿನ ಮನೆಯವರು ನೆಲ ಕುಟ್ಟಿದರು)
ತಕ್ಷಣ ಪಿಸುಗುಟ್ಟಿದ. ಬಂತು, ಸ್ಪಷ್ಟವಾಗಿ,
ತುಟಿ ಬಿಡಿಸಿಕೊಂಡ ಸದ್ದೂ ಸೇರಿ.

"ಸರಿಮಾಡಿದ್ದೇನೆ," ಗುಮಾಸ್ತೆಗೆ ಹೇಳಿದ,
"ಆಕೆಯನ್ನು ಇನ್ನೊಮ್ಮೆ ಕೇಳಬಹುದು."
"ಕೇಳಬಹುದು," ಅಂದಳು. "ಇನ್ನೊಮ್ಮೆ ಹೇಳುತ್ತಾಳೆಯೆ?"

ಇಬ್ಬರೂ ಸುಮ್ಮನಾದರು.
ಮಾತಿಲ್ಲದ್ದು ಕಂಡು ಫೋನು ತನ್ನ ಪಾಡಿಗೆ ತಾನು
ದನಿ ಏರಿಸುತ್ತ ಹೋಯಿತು:
ಆ ತುದಿಯಲ್ಲಿ ಒಂದು ಕುರ್ಚಿ,
ಬಂದರಿನ ಹಕ್ಕಿಗಳು,
ಯಾರೋ ಹಾಳೆ ಮಗುಚಿದ್ದು.