ಸ್ಟಾಫ್ ಹಿಡಿದವನ ವರದಿ

ಸ್ಮರಣ ಸಂಚಿಕೆಗೆ ಎರಡು ಪುಟ ಇತಿಹಾಸ ಬೇಕಂತ.
ಕ್ಲಬ್ಬಿನ ಕಾರ್ಯದರ್ಶಿ ಗುಂಡೇರಾವರು ಹೇಳ್ಯಾರ:
"ಲಾಡ್ಲೇಸಾಬ್, ಮೊದಲಿನಿಂದ ಇದ್ದಾಂವ ನೀ ಒಬ್ಬನೇ ಉಳದಿ."
ಏನು ಬರೀಲಿ?
ನಾ ಬರದಾಂವ ಅಲ್ಲ, ನಿಂತಾಂವ.
ಹದಿನಾಲ್ಕು ಫೂಟಿನ ಸ್ಟಾಫ್ ಹಿಡಕೊಂಡು
ಮೂವತ್ತಾರು ಬ್ಯಾಚಿನ ಮುಂದ
ನೆಟ್ಟಗ ನಿಂತಾಂವ.

ಮೊದಲು ಅದು ವಿಶ್ವವಿದ್ಯಾಲಯ ಅಲ್ಲ, ಕಾಲೇಜೂ ಅಲ್ಲ.
ಆಳಂದ ರಸ್ತಾಕ್ಕ ಒಂದು ದಾಲ್ ಮಿಲ್ಲಿನ ಗೋದಾಮು,
ಮ್ಯಾಲ ತಗಡು, ಕೆಳಗ ಶಹಾಬಾದಿ ಪರಸಿ,
ಎರಡು ಲೇಥು, ಒಂದು ಕುಲುಮಿ.
ಡ್ರಾಯಿಂಗ್ ಹಾಳಿ ಮ್ಯಾಲ ತೊಗರಿ ಹೊಟ್ಟು ಕೂತು
ಹುಡುಗರು ಎಳೆದ ಗೆರಿ ಉಬ್ಬತಿತ್ತು.
ಹತ್ತು ಹೊಡೀತಂದ್ರ ಲೇಥಿನ ಹಿಡಕಿ
ಬಿಸಲು ಮುಟ್ಟಗೊಡತಿರಲಿಲ್ಲ.
ಮಿಲ್ಲಿನ ಮಾಲಕರು ಬಾಡಿಗಿ ಬ್ಯಾಡ ಅಂದ್ರಂತ;
ಸಂಚಿಕೆಯೊಳಗ ಅವರ ಫೋಟೋ ಬರತದ.
ಬಾಡಿಗಿ ಬದಲು ಹುಡುಗರ ಕಡಿಂದ
ಮಿಲ್ಲಿನ ಮೋಟರ್ ರಿಪೇರಿ ಮಾಡಿಸಿದ್ದು
ಬರತದೋ ಇಲ್ಲೋ.

ಅಂಗಳದಾಗ ಬಾವಿಕಟ್ಟಿ, ಕಟ್ಟಿಯ ಕಲ್ಲಿಗೊಂದು ಬಾಣದ ಗುರುತು:
ಬೆಂಚ್ ಮಾರ್ಕ್.
ಕೆತ್ತಿದಾಂವ ಚಿತ್ತಾಪುರದ ಕಲ್ಲುಕುಟಿಗ ಮರೆಪ್ಪ.
ಅವನ ಹೆಸರು ಯಾವ ರಜಿಸ್ಟರಿನಾಗೂ ಇಲ್ಲ.
ಎಲ್ಲಾ ಎತ್ತರ ಅಲ್ಲಿಂದ ಎಣಿಸೂದು.
ಹೊಸ ಕಟ್ಟಡಕ್ಕ ಹೋಗೂಮುಂದ
ಆ ಕಲ್ಲು ಕಿತ್ತು ಗಾಡಿ ಮ್ಯಾಲ ತಂದ್ರು.
"ಕಲ್ಲು ಸರದ ಮ್ಯಾಲ ಅಂಕಿ ಹೆಂಗ ಅದೇ ಉಳೀತದ, ಸಾಹೇಬ್ರ?"
ಪ್ರೊಫೆಸರು ನಕ್ಕರು.
ಅಂಕಿ ಅದೇ ಉಳೀತು.
ಊರಿನ ಅರ್ಧ ಗಟಾರ ಆ ಅಂಕಿಯಿಂದ ಹರದಾವ,
ಕೆಲವು ಮ್ಯಾಲಕ್ಕ.

ಹಳೇ ಡಂಪಿ ಲೆವಲ್ಲಿನಾಗ ಎಲ್ಲಾ ತಲಿಕೆಳಗ ಕಾಣತಿತ್ತು.
ನೀರಾವರಿಯವರು, ರೇಲ್ವೆಯವರು, ಸಿಮೆಂಟ್ ಫ್ಯಾಕ್ಟರಿಯವರು,
ಎಲ್ಲಾರೂ ನನ್ನ ಮೊದಲು ನೋಡಿದ್ದು ಹಂಗೇ:
ಆಕಾಶದಾಗ ಚಪ್ಪಲಿ, ನೆಲದಾಗ ಟೋಪಿ.
ಎಡಬಲನೂ ಅದಲುಬದಲು.
ಹೊಸಬರು ಎಡಕ್ಕ ವಾಲಸು ಅಂತ ಕೈ ಬೀಸಿದ್ರ
ನಾ ಬಲಕ್ಕ ವಾಲಸತಿದ್ದೆ.
ಆಮ್ಯಾಲ ಸ್ಟಾಫ್ ಹಿಂದ ಮುಂದ ತೂಗಬೇಕು, ಮೆಲ್ಲಕ.
ತೂಗೂದ್ರಾಗ ಎಲ್ಲಕ್ಕಿಂತ ಸಣ್ಣ ಅಂಕಿ ಬರತದಲ್ಲ,
ಅದೇ ಖರೆ.

ಕ್ಲಬ್ಬು ಹುಟ್ಟಿದ್ದು ಎಪ್ಪತ್ತೊಂದರಾಗ, ಬೇವಿನ ಗಿಡದ ಕೆಳಗ.
ಹನ್ನೊಂದು ಮಂದಿ, ತಲಿಗೆ ಎರಡು ರೂಪಾಯಿ, ಒಬ್ಬಾಂವ ಉದ್ರಿ.
ಉದ್ರಿ ಇನ್ನೂ ಪುಸ್ತಕದಾಗ ಅದ, ಮನಷ್ಯಾ ಇಲ್ಲ.
ಸಿದ್ರಾಮ ಕೋಟನೂರ ಕಟ್ಟಿದ ಮೋರಿ
ಒಂದು ಶ್ರಾವಣದಾಗ ಟಾಂಗಾ ಸಮೇತ ಕುಸೀತು.
ಅಂದಿನಿಂದ ಅವರು ಮೀಟಿಂಗಿಗೆ ಬಂದಿಲ್ಲ,
ಚಂದಾ ಒಂದು ವರ್ಷನೂ ತಪ್ಪಿಸಿಲ್ಲ.
ನಿಯಮ ನಾಲ್ಕು: ಪದವಿ ಇದ್ದವರಿಗೆ ಸದಸ್ಯತ್ವ.
ಬೀಗದ ಕೈ ನನ್ನ ಕಿಸೇದಾಗ.

ಹೋದ ಐತವಾರ ಕೂಟ.
ಬೋರ್ಡಿನ ಮ್ಯಾಲ ಗುಲಬರ್ಗಾ ಅಳಿಸಿ ಕಲಬುರಗಿ ಬರದಾರ,
ಬಿಸಲು ಬಿದ್ರ ಹಳೇ ಅಕ್ಷರ ಇನ್ನೂ ಮೂಡತಾವ.
ಯಾರೋ ಮೂಲ್ಯಾನ ಡಂಪಿ ತಂದು ಮುಕ್ಕಾಲಿಗೆ ಏರಿಸಿದ್ರು.
ಜಗದೇವಿ ಬಾಯೋರು ಬಂದಿದ್ರು, ಸಿವಿಲ್ಲಿನ ಮೊದಲ ಹುಡುಗಿ.
ಹೆಣ್ಣುಮಕ್ಕಳಿಗೆ ಪಾಯಖಾನಿ ಇರಲಿಲ್ಲಂತ
ಐದು ವರ್ಷ ಹಗಲೆಲ್ಲಾ ನೀರು ಕುಡೀದೇ ಓದಿದಾಕಿ.
ಕಣ್ಣು ಹಚ್ಚಿದ್ರು.
ನಾ ಮರೆಪ್ಪನ ಕಲ್ಲಿನ ಮ್ಯಾಲ ಸ್ಟಾಫ್ ಊರಿದೆ.
ಮೊಣಕಾಲು ನಡಗಲಿಕ್ಕತ್ತಿದ್ವು.
ಅವರು ಎಡಕ್ಕ ಕೈ ಬೀಸಿದ್ರು.
ನಾ ರೂಢಿ ಪ್ರಕಾರ ಬಲಕ್ಕ ವಾಲಸಿದೆ.
"ಏ ಲಾಡ್ಲೇಸಾಬ್! ಎಡಕ್ಕ ಅಂದ್ರ ಎಡಕ್ಕೇ.
ನಾ ಕಲ್ತು ನಲವತ್ತೈದು ವರ್ಷ ಆತು!"
ಮಂದಿ ನಕ್ಕರು. ನಾನೂ.

ಎಡಕ್ಕ ತಂದೆ. ತೂಗಿದೆ, ಮೆಲ್ಲಕ.
ಅವರು ಅಂಕಿ ಒದರಿದ್ರು, ಗುಂಡೇರಾವರು ಬರಕೊಂಡ್ರು.
ಬ್ಯಾರೆ ಹಾಳಿ ಸಿಗಲಿಲ್ಲಂತ
ಸದಸ್ಯರ ರಜಿಸ್ಟರಿನಾಗೇ, ಹೆಸರಿನ ಸಾಲಿನಾಗ:
ನಾಲ್ಕು ಪಾಯಿಂಟ್ ಸೊನ್ನೆ ಏಳು.
ರಾತ್ರಿ ಬೀಗ ಹಾಕೂಮುಂದ ಪುಟ ತಗದು ನೋಡಿದೆ.
ಯಾರೂ ಹೊಡದು ಹಾಕಿಲ್ಲ.
ಅದು ನಂದೇ ಅಂತ ತಿಳಕೊಂಡೀನಿ.