ಕೆಂಪು ಕೀಲಿ

ಕ್ಯಾಂಬೋರ್ನ್ ಊರಿನ ಹಿಂದೆ, ಕಡಲಗಾಳಿಗೆ ಬೆನ್ನು ಕೊಟ್ಟ
ತಗಡಿನ ಶೆಡ್ಡಿನಲ್ಲಿ ನನ್ನ ಕಾರು
ಏಳು ವರ್ಷದಿಂದ ಹುಟ್ಟುತ್ತಲೇ ಇದೆ.
ಎಂಜಿನ್ನು ಯಾರೋ ಗುಜರಿಗೆ ಹಾಕಿದ ಫೋರ್ಡಿನದು,
ಸೀಟು ಒಂದು ಮೀನುದೋಣಿಯದು,
ಚೌಕಟ್ಟು ಮಾತ್ರ ನಾನೇ ಬೆಸೆದದ್ದು, ಸ್ವಲ್ಪ ಎಡಕ್ಕೆ ವಾಲಿದೆ,
ಟೈರು ಹಾಕಿದ ಮೇಲೆ ಅಷ್ಟಾಗಿ ಗೊತ್ತಾಗುವುದಿಲ್ಲ.

ಇವತ್ತಿನ ಕೆಲಸ ಸಣ್ಣದು: ಬ್ಯಾಟರಿ ಕಡಿಯುವ ಸ್ವಿಚ್ಚು.
ಹೊರಗಿನಿಂದ ಯಾರಾದರೂ ಕೈಚಾಚಿ
ಕೆಂಪು ಕೀಲಿ ತಿರುವಿದರೆ ಎಲ್ಲ ನಿಲ್ಲಬೇಕು.
"ನಿಲ್ಲಿಸುವುದಕ್ಕೂ ಇಷ್ಟು ದಪ್ಪ ತಂತಿಯೇ, ಪಾಸ್ಕೋ?"
ಅನ್ನುತ್ತಾನೆ ಡೆನ್ಜಿಲ್, ಟಾರ್ಚು ಹಿಡಿದು,
ಎಡಗೈಯಲ್ಲಿ. ಬಲಗೈ ಜೇಬಿನಲ್ಲಿ, ಯಾವಾಗಲೂ.

ಬೆರಳುಗಾತ್ರದ ಕೇಬಲ್ಲು, ಬಗ್ಗೆಂದರೆ ಬಗ್ಗದು.
ತುದಿಯ ಸಿಪ್ಪೆ ಸುಲಿದರೆ ಒಳಗೆ ತಾಮ್ರ,
ಈಗಷ್ಟೇ ಬಾಚಿದ ಮಗುವಿನ ಕೆಂಗೂದಲು.
ಹಿತ್ತಾಳೆಯ ಕಿವಿಯೊಳಗೆ ತುರುಕಿ, ಅಮುಕಿ,
ಜಗ್ಗಿ ನೋಡಿದೆ. ಬರಲಿಲ್ಲ. ಇನ್ನೊಮ್ಮೆ ಜಗ್ಗಿದೆ.
ಮೂವತ್ತು ವರ್ಷ ಕರೆಂಟು ಕಂಬ ಹತ್ತಿದ ಕೈ
ಒಂದೇ ಸಲಕ್ಕೆ ನಂಬುವುದಿಲ್ಲ.
ತಗಡಿನ ಅಂಚು ತಂತಿಯ ಗಂಟಲು ಕೊಯ್ಯದ ಹಾಗೆ
ತೂತಿಗೆ ರಬ್ಬರಿನ ಬಳೆ ತೊಡಿಸಿ ದಾಟಿಸಿದೆ.
ಬ್ಯಾಟರಿಯಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಸ್ಟಾರ್ಟರಿಗೆ.
ಚಹಾ ಆರಿತ್ತು. ಆದರೂ ಕುಡಿದೆವು.

ಗುಂಡಿ ಒತ್ತಿದೆ.
ಕೆಮ್ಮಿ, ಉಗಿದು, ಹಿಡಿಯಿತು ಎಂಜಿನ್ನು.
ಶೆಡ್ಡಿನ ತಗಡೆಲ್ಲ ಅದರ ಜೊತೆ ನಡುಗಿತು.
"ಈಗ ಆರಿಸು," ಎಂದ ಡೆನ್ಜಿಲ್.
ಕೆಂಪು ಕೀಲಿ ತಿರುವಿ, ಕಿತ್ತು, ಅಂಗೈಯಲ್ಲಿಟ್ಟು ತೋರಿಸಿದೆ.

ಎಂಜಿನ್ನು ಓಡುತ್ತಲೇ ಇತ್ತು.

ಕೀಲಿ ನನ್ನ ಕೈಯಲ್ಲಿ, ಬ್ಯಾಟರಿ ಒಂಟಿ,
ಅದು ಮಾತ್ರ ತನ್ನ ಪಾಡಿಗೆ ಗುರುಗುಟ್ಟುತ್ತ,
ದೀಪ ಮಂಕಾಗಿ, ಕಣ್ಣು ಕುಕ್ಕಿ, ಮತ್ತೆ ಮಂಕಾಗಿ.
ನನ್ನ ಬಾಯಿ ಒಣಗಿತು.
ಡೆನ್ಜಿಲ್ ಬಲಗೈಯನ್ನು ಜೇಬಿನಿಂದ ತೆಗೆದ.

ಆ ಫೆಬ್ರವರಿ. ಬಿರುಗಾಳಿ ಮೂರು ಕಂಬ ಮಲಗಿಸಿದ ಮರುದಿನ.
ಲೈನು ಕಡಿದವನು ನಾನು. ಬೀಗ ಹಾಕಿದವನು ನಾನು.
ಕೀಲಿ ನನ್ನ ಕೋಟಿನಲ್ಲೇ ಇತ್ತು.
"ಸತ್ತಿದೆ, ಹತ್ತು," ಎಂದವನೂ ನಾನೇ.
ಗುಡ್ಡದಾಚೆಯ ಕೊಟ್ಟಿಗೆಯಲ್ಲಿ ಯಾರೋ
ಕೆಚ್ಚಲು ಬಿಗಿದ ಹಸುಗಳ ಹಾಲು ಕರೆಯಲೆಂದು
ಜನರೇಟರು ಹಚ್ಚಿದ್ದರು.
ತಂತಿಗೆ ಎರಡು ತುದಿ. ನಾವು ಒಂದನ್ನೇ ಕಾದಿದ್ದೆವು.

ಇಪ್ಪತ್ತೆರಡು ವರ್ಷ ಆ ಮಾತು ಎತ್ತಿಲ್ಲ.
ಹೇಳಿಬಿಡೋಣವೆಂದು ತೆರೆದ ಬಾಯಿ
ಪ್ರತಿ ಸಲವೂ ಸ್ಪ್ಯಾನರು ಕೇಳಿ ಮುಚ್ಚಿಕೊಂಡಿದೆ.

ಅವನು ಎರಡೂವರೆ ಬೆರಳಿನ ಆ ಕೈ ಚಾಚಿ
ಗಿರಗಿರ ತಿರುಗುವ ಆಲ್ಟರ್ನೇಟರನ್ನು ತೋರಿಸಿದ:
"ಅಗೋ, ಗುಡ್ಡದಾಚೆಯ ಕೊಟ್ಟಿಗೆ."
ಆಮೇಲೆ ನಕ್ಕ. ಕೆಮ್ಮು ಬರುವಷ್ಟು ನಕ್ಕ.

ಬ್ರೇಕು ತುಳಿದು, ಗೇರಿಗೆ ಹಾಕಿ, ಕ್ಲಚ್ಚು ಬಿಟ್ಟು
ಉಸಿರುಗಟ್ಟಿಸಿ ನಿಲ್ಲಿಸಿದೆ. ನಾನು ನಗಲಾರದೆ
ಬಾನೆಟ್ಟಿನೊಳಗೆ ತಲೆ ತೂರಿಸಿ ಬಹಳ ಹೊತ್ತು
ಬಿಗಿದ ನಟ್ಟನ್ನೇ ಬಿಗಿಯುತ್ತಿದ್ದೆ.

ನಾಳೆ ಆರು ಕಾಲಿನ ಸ್ವಿಚ್ಚು ತರಬೇಕು.
ಎರಡು ದಪ್ಪ ತಂತಿಗೆ, ಎರಡು ಕಿಡಿಯ ದಾರಿಗೆ,
ಉಳಿದೆರಡಕ್ಕೆ ಒಂದು ರೆಸಿಸ್ಟರು:
ಕಡಿದ ಮೇಲೂ ಉಳಿದ ಕರೆಂಟು
ಬಿಸಿಯಾಗಿ ಇಳಿದುಹೋಗಲು ಒಂದು ಜಾಗ.
ಡೆನ್ಜಿಲ್ ಸಿಗರೇಟು ಪೊಟ್ಟಣದ ಹಿಂದೆ ಬರೆದುಕೊಂಡ,
ಬಲಗೈಯಲ್ಲೇ, ಸೊಟ್ಟಗೆ:
ಸ್ವಿಚ್ಚು. ರೆಸಿಸ್ಟರು ಒಂದು. ಹಾಲು.