ಮೂವತ್ತೊಂದನೇ ಲೋಟ

ಈ ಕೆಲಸಕ್ಕೆ ಚಂದದ ಹೆಸರಿಲ್ಲ.
ಬೆಳಗಿನ ಐದಕ್ಕೆ ಟ್ರೇ ಹಿಡಿದು
ಮಂಚದಿಂದ ಮಂಚಕ್ಕೆ
ಉಚ್ಚೆ ಕೇಳುತ್ತಾ ಹೋಗುವವಳು ನಾನು.
ಮೂತ್ರ ಎಂದರೆ ಮಕ್ಕಳಿಗೆ ತಿಳಿಯುವುದಿಲ್ಲ,
ಸ್ಯಾಂಪಲ್ ಎಂದರೆ ತಾಯಂದಿರು ಹೆದರುತ್ತಾರೆ.

ಇಲೋಯಿಲೋದಲ್ಲಿ ಈ ಜುಲೈ ವಾರ್ಡು ಸಾಲದೆ
ಹಿಂದಿನ ಬಾಸ್ಕೆಟ್‌ಬಾಲ್ ಅಂಗಳಕ್ಕೂ ಮಂಚ ಬಂದಿವೆ.
ಏಣಿ ಹಾಕಿ ಬುಟ್ಟಿಯ ಕಬ್ಬಿಣದ ಬಳೆಗೆ
ಸಲೈನ್ ಬಾಟಲಿ ಕಟ್ಟಿದವನು ಯಾರೋ,
ಒಂದು ಕಾಲಕ್ಕೆ ಚೆನ್ನಾಗಿ ಆಡಿದವನಿರಬೇಕು.

ಸೂಜಿ ಕಂಡರೆ ಕೈ ಬಚ್ಚಿಡುವ ಮಕ್ಕಳು
ಲೋಟ ಕಂಡರೆ ಕಿಸಕ್ಕನೆ ನಗುತ್ತವೆ.
ರೊಮೆಲ್ ನಗಲಿಲ್ಲ.
ಏಳು ವರ್ಷ, ಮುಂಗೈ ತುಂಬ ನೀಲಿ ಚುಕ್ಕೆ,
ರಕ್ತ ಸಿಗದೆ ಹುಡುಕಿದ ಕಡೆಯಲ್ಲೆಲ್ಲ ಹತ್ತಿ.
ಅವನಮ್ಮ ನೆನಿತಾ ಲಾ ಪಾಸ್ ಸಂತೆಯಲ್ಲಿ ಮೀನು ಮಾರುವವಳು,
ಕಾಫಿ ಸೀಸೆಯಲ್ಲಿ ತಾವಾ-ತಾವಾ ಸೊಪ್ಪಿನ ಕಷಾಯ ತಂದು
ನರ್ಸ್ ಗ್ಲೆಂಡಾ ಬಂದಾಗ ದಿಂಬಿನಡಿ ತಳ್ಳುತ್ತಿದ್ದಳು.
ನಾನು ಕಂಡೂ ಕಾಣದವಳಂತಿದ್ದೆ.

ಐದನೇ ದಿನ ಜ್ವರ ಬಿಟ್ಟಿತು.
ನೆನಿತಾ ಮಗನ ತಲೆ ಬಾಚಿದಳು, ಚೀಲ ಕಟ್ಟಿದಳು,
ಜೀಪ್ನಿಗೆ ಚಿಲ್ಲರೆ ಎಣಿಸಿಟ್ಟುಕೊಂಡಳು.
ಬಿಟ್ಟ ಜ್ವರ ಎಲ್ಲಿ ಹೋಗಿ ಕೂತಿದೆ ಎಂದು
ಯಾವ ತಾಯಿಯೂ ಕೇಳುವುದಿಲ್ಲ,
ಕೇಳಬೇಕಾದದ್ದು ಆಗಲೇ.

ಅವನು ಕೊಟ್ಟದ್ದು ಎರಡು ಚಮಚ,
ಕಡು ಚಹಾದ ಬಣ್ಣ.
ಲೋಟದ ಮೇಲೆ ಬರೆದೆ: ೩೧.

ಡಾಕ್ಟರ್ ಪಲ್ಮಾರೆಸ್ ಒಮ್ಮೆ
ಔಷಧಿ ಚೀಟಿಯ ಬೆನ್ನಿಗೆ ಚಿತ್ರ ಬರೆದು ಹೇಳಿದ್ದರು:
ರಕ್ತದಲ್ಲಿ ಕಾವಲಿನವರು ಇರುತ್ತಾರೆ,
ಹಳೆಯ ಶತ್ರುವಿನ ಮುಖ ಮರೆಯದವರು.
ಅವರಿರಬೇಕಾದ್ದು ಒಳಗೇ.
ಬಚ್ಚಲ ನೀರಲ್ಲಿ ಅವರ ಟೊಪ್ಪಿಗೆ ತೇಲಿ ಬಂದರೆ
ಗೋಡೆ ಎಲ್ಲೋ ಸೋರುತ್ತಿದೆ ಎಂದು ಅರ್ಥ ಇರಬಹುದು.
ಇರಬಹುದು, ಎಂದರು ಎರಡು ಸಲ.
ಇದಿನ್ನೂ ಅಧ್ಯಯನ. ಗೆರೆ ನೋಡು, ಬರೆದುಕೋ,
ವಾರ್ಡಿನಲ್ಲಿ ಬಾಯಿ ಬಿಡಬೇಡ.

ಪಟ್ಟಿ ಅದ್ದಿ ಹದಿನೈದು ನಿಮಿಷ.
ಇಪ್ಪತ್ತೊಂಬತ್ತರಲ್ಲಿ ಒಂದು ಮಸುಕು ಗೆರೆ,
ಕಿಟಕಿಯ ಬಳಿ ಇದೆ, ದೀಪದಡಿ ಇಲ್ಲ.
ಮೂವತ್ತು ಬರಿದು.
ಮೂವತ್ತೊಂದರಲ್ಲಿ ಗೆರೆ
ಕಾಯಿಸಿಕೊಳ್ಳಲೇ ಇಲ್ಲ,
ಹೊಸ ಕುಂಕುಮದ ಹಾಗೆ ಎದ್ದು ಬಂತು.

ಪುಸ್ತಕದಲ್ಲಿ ಬರೆದೆ. ಪೆನ್ನು ಮುಚ್ಚಿದೆ.
ಮತ್ತೆ ತೆಗೆದೆ. ಬರೆಯಲು ಇನ್ನೇನೂ ಇರಲಿಲ್ಲ.

ಮೆಟ್ಟಿಲಿಳಿದು ಅಂಗಳಕ್ಕೆ ಬಂದು
ಗೆರೆಯ ಮಾತೆತ್ತದೆ ಗ್ಲೆಂಡಾಗೆ ಹೇಳಿದೆ,
ಆ ಮೀನಿನವಳ ಹುಡುಗನ ಹೊಟ್ಟೆ ಒಮ್ಮೆ ಮುಟ್ಟಿ ನೋಡು.
ಅವಳು ನನ್ನ ಮುಖ ನೋಡಿದಳು. ಯಾಕೆ ಅನ್ನಲಿಲ್ಲ.
ಬಲಗಡೆ ಪಕ್ಕೆಲುಬಿನಡಿ ಬೆರಳಿಟ್ಟಾಗ
ಹುಡುಗ ಹಲ್ಲು ಕಚ್ಚಿದ. ಅಂಗಾಲು ಐಸು.
ರಕ್ತದೊತ್ತಡದ ಮೇಲಿನ ಅಂಕಿ ಕೆಳಗಿನ ಅಂಕಿ
ಜಗಳವಾಡಲು ಬಂದವರಂತೆ ಹತ್ತಿರ ಹತ್ತಿರ.
ಆಮೇಲೆ ಓಡಾಟ, ಸಲೈನ್, ಏಣಿ.
ಕಟ್ಟಿದ ಚೀಲದ ಮೇಲೆ ಕೂತೇ ಇದ್ದಳು ನೆನಿತಾ,
ಅಂಗೈಯಲ್ಲಿ ಜೀಪ್ನಿಯ ಚಿಲ್ಲರೆ.

ಇಷ್ಟಕ್ಕೇ ನಿಲ್ಲಿಸಿದರೆ ಕತೆ ಚೆನ್ನಾಗಿರುತ್ತದೆ.
ಆದರೆ ಮೂವತ್ತು ಬರಿದಾಗಿತ್ತು ಅಂದೆನಲ್ಲ,
ಆ ಲೋಟದ ಹುಡುಗಿ ಜೊವೆಲಿನ್,
ಲೋಟದ ಮುಚ್ಚಳಕ್ಕೆ ನಗುಮುಖ ಬರೆದು ಕೊಟ್ಟವಳು,
ಮಂಗಳವಾರ ರಾತ್ರಿ ಅವಳನ್ನು ಮೂರನೇ ಮಹಡಿಗೆ ಒಯ್ದರು.
ಬುಧವಾರ ಮಂಚಕ್ಕೆ ಬೇರೆ ಹಾಳೆ.
ನಾನು ಯಾರನ್ನೂ ಕೇಳಿಲ್ಲ.
ಮುಚ್ಚಳ ಎಸೆದಿಲ್ಲ.

ಡಾಕ್ಟರಿಗೆ ನಾನು ಹೇಳಿದ್ದು ಗೊತ್ತಾಗಿದೆ ಅನ್ನಿಸುತ್ತದೆ.
ಹೊಸ ಪೆಟ್ಟಿಗೆ ಪಟ್ಟಿ ಕೊಡುವಾಗ
ಎಣಿಸಿಕೋ ಅಂದರು, ಅಷ್ಟೇ.

ಶುಕ್ರವಾರ ಬೆಳಿಗ್ಗೆ ಐದಕ್ಕೆ
ರೊಮೆಲ್ ಎದ್ದು ಕೂತೇ ಕಾಯುತ್ತಿದ್ದ.
ಅರ್ಧ ಸಾಕೋ ಎಂದರೂ ಕೇಳದೆ
ಲೋಟದ ಅಂಚಿನವರೆಗೆ ತುಂಬಿಸಿ
ಗೆದ್ದ ಕಪ್ಪಿನಂತೆ ಎರಡೂ ಕೈಯಲ್ಲಿ ನನಗೆ ಕೊಟ್ಟ.
ಚೆಲ್ಲದಂತೆ, ಉಸಿರು ಹಿಡಿದು
ಅಂಗಳದುದ್ದಕ್ಕೂ ನಡೆದೆ.
ಲೋಟ ಇನ್ನೂ ಬೆಚ್ಚಗಿತ್ತು.